ನೂರಕ್ಕೆ ಏಳು

ಬೆಂಡಿಗೋ. ಸಂಜೆ ನಾಲ್ಕಕ್ಕೂ ಇಳಿಯದ ಬಿಸಿಲು.
ರೌಟರಿನ ಕೆಂಪು ದೀಪ ಮತ್ತೆ ಮಿಟುಕಿತು.
ಪಿಂಗ್ ಕಳಿಸುತ್ತೇನೆ: ನೂರು ಹೋದರೆ
ಏಳು ಮನೆಗೆ ಬರುವುದಿಲ್ಲ.
ವೈಫೈ ಬಿಟ್ಟೆ, ಕೇಬಲ್ ಬದಲಿಸಿದೆ,
ಆಫ್ ಮಾಡಿ ಮೂವತ್ತು ಎಣಿಸಿದೆ.
ಏಳು ಏಳೇ.

ನಾನು ದುಭಾಷಿ. ಆಸ್ಪತ್ರೆಯ ಪರದೆಯಲ್ಲಿ
ಪುಟ್ಟಗೌರಮ್ಮ "ನೋವು" ಅಂದರು,
ಆಮೇಲೆ ಬಾಯಿ ಮಾತ್ರ ಆಡಿತು.
ನಮ್ಮ ಭಾಷೆಯಲ್ಲಿ "ಇಲ್ಲ" ಬರುವುದೇ ಕೊನೆಗೆ.
ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದಾರೆ.
"ಇನ್ನೊಮ್ಮೆ ಹೇಳಿ, ಅಮ್ಮಾ." ಐದನೇ ಸಲ.

ಮಂಗಳವಾರ ಡಾರಿಲ್ ಬಂದು
ರಸ್ತೆಯಂಚಿನ ಗುಂಡಿಯ ಮುಚ್ಚಳ ಎತ್ತಿದ.
ತಾಮ್ರದ ತಂತಿ ಕೂಡುವಲ್ಲಿ ಇರುವೆಗೂಡು.
ಬಿಳಿ ಮೊಟ್ಟೆ ಕಚ್ಚಿಕೊಂಡು ಓಡಿದವು,
ಒಂದನ್ನೂ ಬೀಳಿಸದೆ.

ಈಗ ನೂರಕ್ಕೆ ನೂರು.
ಆದರೂ ಪುಟ್ಟಗೌರಮ್ಮ ತಾವಾಗಿಯೇ
ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾರೆ.