ಸುರ್ಮಾ ಕುಣಿ

ಕಪ್ಪತಗುಡ್ಡದ ಒಂದು ಮಗ್ಗಲಕ
ನಕಾಶೆಯೊಳಗ ಹೆಸರಿಲ್ಲದ ದಿನ್ನಿ.
ನಮ್ಮ ಮಂದಿ ಸುರ್ಮಾ ಕುಣಿ ಅಂತಾರ.
ನಲವತ್ತೆರಡು ಅಡಿ ಆಳ.
ನಲವತ್ತಮೂರಕ್ಕ ಏನಿತ್ತು ಅನ್ನೂದು
ಯಾರಿಗೂ ಗೊತ್ತಿಲ್ಲ.

ನಮ್ಮದು ಜಾಲಗಾರರ ಮನಿತನ.
ಮಳಿ ನಿಂತ ಮರುದಿನ ಅವ್ವ
ಮರಗಿ ಹೊತ್ತು ಹಳ್ಳಕ್ಕ ಇಳೀತಿದ್ದಳು.
ಉಸುಕು ತೊಳದು, ತೊಳದು, ಮತ್ತ ತೊಳದು
ತಳಕ್ಕ ಉಳಿದ ಕರಿ ಹುಡಿಯೊಳಗ
ಎಳ್ಳಿಗಿಂತ ಸಣ್ಣದೊಂದು ಹಳದಿ.
ಅದನ್ನ ಕಾಣಾಕ ಕಣ್ಣು ಬೇಕು.
ಆ ಕಣ್ಣಿಗೆ ಕುಣಿ ಸುರ್ಮಾ ಹಚ್ಚಬ್ಯಾಡ
ಅಂತಿದ್ದಳು. ಕಾರಣ ಹೇಳಲಿಲ್ಲ.

ಕುಣಿ ತಗಸಿದವ ಹುಬ್ಬಳ್ಳಿಯ ಅರಳಿ ವ್ಯಾಪಾರಿ,
ಯುದ್ಧದ ಮೂರನೇ ವರ್ಷ.
ಗುಂಡಿನ ಸೀಸ ಮೆತ್ತಗಿರತೈತಂತ,
ಗಡಸು ಮಾಡಾಕ ಈ ಕಲ್ಲು ಬೇಕಂತ.
ಯಾರ ಎದಿಗೆ ಅಂತ ಕೇಳಿದವರಿಲ್ಲ.
ದಿನಕ್ಕ ಆರಾಣೆ ಪಗಾರ,
ಅದು ಅಗಿಯೂದಕ್ಕ, ಕೇಳೂದಕ್ಕಲ್ಲ.

ಮೌಲಾಸಾಬ ಸೊಂಟಕ್ಕ ಹಗ್ಗ ಬಿಗದು ಇಳದ.
ಮ್ಯಾಲ ಮಾರುದ್ದ ಅಗಲ ಇದ್ದ ಎಳಿ
ಇಪ್ಪತ್ತಡಿಗೆ ಗೇಣಾತು,
ಮೂವತ್ತಕ್ಕ ಹೆಬ್ಬಟ್ಟು,
ನಲವತ್ತೆರಡಕ್ಕ ಪೆನ್ಸಿಲ್ಲಿನ ಗೀಟು.
ಆಮ್ಯಾಲ ನೀರು.
ಹದಿನಾರು ಚಕ್ಕಡಿ ಕಲ್ಲು ಗದಗ ಟೇಸನ್ನಿಗೆ ಹೋತು.
ಹದಿನೇಳನೇ ಚಕ್ಕಡಿ ಹೂಡಲೇ ಇಲ್ಲ.

ಅವನ ಹೇಣತಿ ಹುಸೇನಬಿ
ಉಡಿಯೊಳಗ ತಂದ ಚೂರು ಅರದು, ಸೋಸಿ,
ಸಣ್ಣ ಶೀಸೆಗೆ ತುಂಬಿ
ಡಂಬಳ ಸಂತಿಯೊಳಗ ಮಾರಿದಳು.
ಹಚ್ಚಿಕೊಂಡವರು ಎಷ್ಟ ಚಂದ ಕಂಡರಂತ!
ನಾಕ ದಿನಕ್ಕ ಕಣ್ಣು ಉರದು, ಬಾತು,
ಬೈಗುಳ ಹುಡುಕಿಕೊಂಡು ಮನಿತನಕ ಬಂದಾಗ
ಬಾಗಲಾ ತಗದವಳ ಕಣ್ಣೂ ಹಂಗ ಬಾತಿದ್ದವು.

ಮೂವತ್ತು ವರ್ಷ ದಾಟಿ
ಕಟಗೇರಿ ಸಾಹೇಬರು ಜೀಪಿನೊಳಗ ಬಂದರು.
ನಾ ಅವರ ಹಿಂದ ಮಾದರಿ ಚೀಲ ಹೊತ್ತವ.
ಕುಣಿ ದಂಡಿ ಮ್ಯಾಲ ಸುತ್ತಗಿ ಬಿತ್ತು,
ಕಲ್ಲು ಬೆಳ್ಳೊಳ್ಳಿ ನಾತ ಹೊಡೀತು.
ಖರೆ ಹೇಳತೇನಿ, ನನಗ ಹಸಿವಾತು.
“ಮೂಸಬ್ಯಾಡೋ, ಪಾಷಾಣ ಅದು,
ಸುರ್ಮಾದ ಜೋಡಿ ಹುಟ್ಟಿದ್ದು.”
ಹಂಗಾರ ಹುಸೇನಬಿ?
ಸಾಹೇಬರಿಗೆ ಹುಸೇನಬಿ ಗೊತ್ತಿರಲಿಲ್ಲ.

ಮತ್ತೊಂದು ಚೂರು ಒಡದರು:
ಒಳಗ ಬೂದಿಬಣ್ಣದ ಸೂಜಿಗಳ ಕಂತಿ,
ಯಾರೋ ಈಗಷ್ಟ ಹೊಲಿಗಿ ಬಿಟ್ಟು ಎದ್ದಂಗ.
ಗಾಳಿಗೆ ಬೆನ್ನು ಕೊಟ್ಟು ಮೇಣಬತ್ತಿ ಹಚ್ಚಿದರು.
ಸೂಜಿ ಕರಗಿ ಹನಿ ಆತು.
ಕಲ್ಲು ಕರಗೂದನ್ನ ನಾ ಕಂಡದ್ದು ಅದ ಮೊದಲು.

“ಇನ್ನೂರೈವತ್ತು ಕೋಟಿ ವರ್ಷದ ಹಿಂದ” ಅಂದರು,
ನಾಳೆ ಸಂಜೀಕ ಬಸ್ಸೈತಿ ಅನ್ನೂ ದನಿಯೊಳಗ.
ಒಡದ ಬಂಡಿಯೊಳಗಿಂದ ಕುದಿನೀರು ಏರಿತಂತ,
ಬಂಗಾರ, ಪಾಷಾಣ, ಸುರ್ಮಾ ಹೊತ್ತು.
ಬಿಸಿ ಇದ್ದಾಗ ಬಂಗಾರ ಇಳಿಸಿತಂತ,
ಆರಿ, ಆರಿ,
ಕಡೀಗಿ ಕೈಬಿಟ್ಟದ್ದು ಇದನ್ನ.

ಎರಡು ಬೋರು ಕೊರದರು. ಬೆಣಚಕಲ್ಲು ಸಿಕ್ತು.
ವರದಿ ಮೂರು ಸಾಲು.
ಮೂರನೇದು: ಲಾಭವಿಲ್ಲ.

ಕೆಲಸ ಬಿಟ್ಟು ನಾ ಗದಗ ಪ್ರೆಸ್ಸಿಗೆ ಸೇರಿದೆ.
ಮೊಳಿ ಜೋಡಸೂ ಗುರುಸಂಗಪ್ಪ ಒಂದಿನ ಹೇಳಿದ:
ಬರೇ ಸೀಸ ಎರದರ ಆರೂ ಮುಂದ ಕುಗ್ಗತೈತಿ,
ಅಕ್ಷರದ ಮೂಲಿ ಸವದಂಗ ಬರತಾವ.
ಒಂಚೂರು ಆಂಟಿಮನಿ ಬಿದ್ದರ ಕುಗ್ಗೂದಿಲ್ಲ,
ಕೊಂಬು, ತಲಕಟ್ಟು, ಒತ್ತು, ಎಲ್ಲಾ ಚೂಪು.
ಆಂಟಿಮನಿ ಅಂದರ?
“ಸುರ್ಮಾ” ಅಂದ, ಚಾ ಹೀರಿ.
ಹದಿನಾರು ಚಕ್ಕಡಿಯೊಳಗ ಎಲ್ಲಾನೂ
ಗುಂಡಿಗೇ ಹೋಗಿರಲಿಕ್ಕಿಲ್ಲ ಅಂತ
ಅವತ್ತು ರಾತ್ರಿ ನಿದ್ದಿಯಿಲ್ಲದ ಲೆಕ್ಕ ಹಾಕಿದೆ.

ಪ್ರೆಸ್ಸು ಮುಚ್ಚಿದಾಗ
ಮೊಳಿ ಕಿಲೋ ಲೆಕ್ಕಕ್ಕ ಬ್ಯಾಟರಿಯವರಿಗೆ ಹೋದವು.
ಲಗ್ನಪತ್ರಿಕೆ, ಪುಣ್ಯತಿಥಿ, ನಾಟಕದ ಹ್ಯಾಂಡಬಿಲ್ಲು
ಒಂದ ಚೀಲದಾಗ.
ನಾ ಒಂದು ಳ ಇಟಗೊಂಡೆ.
ಅದರ ಮನಿಯೊಳಗ ಅದೊಂದ ಉಳಿದಿತ್ತು, ಅಷ್ಟ.

ಮೊನ್ನೆ ಕುಣಿಗೆ ಹೋಗಿದ್ದೆ.
ಗುಡ್ಡದ ನೆತ್ತಿ ಮ್ಯಾಲ ಗಾಳಿಪಂಕ ತಿರಗತಿದ್ದವು.
ಆಡು ಬೀಳತಾವಂತ ಬಾಯಿಗೆ ಜಾಲಿಮುಳ್ಳು ಒಟ್ಟ್ಯಾರ.
ಸಂದಿಯೊಳಗಿಂದ ಹಳ್ಳು ಒಗದೆ,
ಸಪ್ಪಳ ತಡಾ ಮಾಡಿ ಬಂತು.
ಕಿಸೆದಾಗಿನ ಮೊಳಿ ತಗದು ಹೆಬ್ಬಟ್ಟಿಗೆ ಒತ್ತಿದೆ.
ಕಬ್ಬಿಣದಂಥಾ ತೊಗಲು ನಂದು,
ಆದರೂ ಮೂಡಿತು: ಳ,
ಮೂಲಿ ಮೂಲಿ ಚೂಪು.
ನೋಡತಿರಬೇಕಾದರ
ತೊಗಲು ಮೆಲ್ಲಕ ಅದನ್ನ ತುಂಬಿಕೊಂತು.