ನಾಲ್ಕನೇ ಬೋರು

ಪಾಠ ಬಂದದ್ದು ಮೈಸೂರಿನಿಂದ, ಶ್ರೇಯಾಂಸ ಎಂಬವರ ಹೆಸರಲ್ಲಿ.
ಮೊದಲ ಪುಟದಲ್ಲೇ ಒಕ್ಕಣೆ:
'ಯಾರು ಬೇಕಾದರೂ ಓದಿ, ತಿದ್ದಿ, ಹಂಚಿ.
ಪಾಠ ಎಲ್ಲರದು, ತಪ್ಪು ಮಾತ್ರ ನನ್ನದು.'
ಮೂರು ವಾರದ ಗಡುವು. ಪರಾಮರ್ಶಕಿ ನಾನು,
ಮಂಡ್ಯದ ಕಾಲೇಜಿನ ಭೂವಿಜ್ಞಾನದ ಮೇಡಂ,
ಕೆಂಪು ಪೆನ್ನಿಗೆ ಹೊಸ ರೀಫಿಲ್ ಹಾಕಿಕೊಂಡು ಕೂತವಳು.

ಮೊದಲ ದಿನ ಕಾಗುಣಿತ ಹಿಡಿದೆ.
'ಶಿಲೆ' ಇರಬೇಕಾದಲ್ಲಿ 'ಶೀಲೆ', ನಾಲ್ಕು ಸಲ.
ಎರಡನೇ ದಿನ ಸಿಟ್ಟು ಬಂತು:
ನೆಲವನ್ನು ಇವರು ಒಬ್ಬಟ್ಟಿನ ಅಟ್ಟಿ ಮಾಡಿಟ್ಟಿದ್ದಾರೆ,
ಒಂದರ ಮೇಲೊಂದು, ಅಂಚು ಸಮ,
ಎಲ್ಲಿಯದೋ ಕಡಲಡಿಯ ನೆಲ.
ಬರೆದೆ: 'ಸ್ವಾಮಿ, ನಮ್ಮ ಕಾಲಡಿ ಇರುವುದು ನೈಸ್ ಕಲ್ಲು,
ಬೆಂದು, ಬಾಗಿ, ನಾದಿಸಿಕೊಂಡದ್ದು.
ಮುದ್ದೆಗೆ ಕೋಲಾಡಿಸಿ ತೊಳಸುವಾಗ
ಬೇಯದ ಹಿಟ್ಟಿನ ಗೆರೆ ಸುತ್ತಿಕೊಳ್ಳುತ್ತದಲ್ಲ, ಹಾಗೆ.
ಹುಲಿಕೆರೆ ಕಡೆ ನಾಲೆಗೆಂದು ಕಡಿದ ಬಂಡೆಯಿದೆ,
ಒಮ್ಮೆ ಬಂದು ಅದರ ಬಗಲಿಗೆ ಕೈಯಿಟ್ಟು ನೋಡಿ.'
ಎರಡು ಸಲ ಓದಿದೆ.
'ಸ್ವಾಮಿ' ಹೊಡೆದು 'ಲೇಖಕರೇ' ಮಾಡಿದೆ.

ಶನಿವಾರ ಪ್ರಯೋಗಾಲಯದ ಮೂಲೆಯ ಕಂಪ್ಯೂಟರಿಗೆ
ಕಿರುಗಾವಲಿನ ಕಮರುನ್ನಿಸಾಳನ್ನು ಕೂರಿಸಿದೆ.
'ನಾನು ಬಾಯಿ ಬಿಡುವುದಿಲ್ಲ. ಪಾಠ ಹೇಳಿದಷ್ಟೇ ಮಾಡು,
ಎಡವಿದಲ್ಲಿ ಗುರುತು ಹಾಕು.'
ಮಳವಳ್ಳಿ ರಸ್ತೆಯ ಆಚೀಚೆ ಕೊರೆದ ಬೋರುಗಳು,
ಒಂದೊಂದಕ್ಕೂ ಒಂದು ಕಡತ:
ಇಷ್ಟಡಿ ಮಣ್ಣು, ಇಷ್ಟಡಿ ಕೊಳೆತ ಕಲ್ಲು, ಆಮೇಲೆ ಗಟ್ಟಿ.
ಗುಂಡಿ ಒತ್ತಿದಳು. ಹಳೇ ಪೆಟ್ಟಿಗೆ ಗೊರಗೊರ ಎಂದಿತು.
ನೆಲ ಎದ್ದು ಬಂತು ಪರದೆಯ ಮೇಲೆ,
ಹಸಿರು, ಕೇಸರಿ, ನೇರಳೆ,
ತಿರುಗಿಸಿದ ಕಡೆಗೆ ತಿರುಗುತ್ತ,
ಎಲ್ಲೂ ತೂತಿಲ್ಲ, ಎಲ್ಲೂ ಅನುಮಾನವಿಲ್ಲ.
ಮನಸ್ಸಿನಲ್ಲಿ ನಾನು ರುಜು ಹಾಕಿಯೇ ಆಗಿತ್ತು.

'ಮೇಡಂ, ಮೂರಾದ್ಮೇಲೆ ಐದೈತೆ.
ನಾಲ್ಕನೇ ಬೋರ್ ಎಲ್ಲೋಯ್ತು?'

ಎರಡು ವಾರ ಓದಿಯೂ ನಾನು ಎಣಿಸಿರಲಿಲ್ಲ.

ಕೇಳಿ ಬರೆದೆ. ಉತ್ತರ ಅಂದೇ ರಾತ್ರಿ:
'ಅದು ಫೇಲಾದ ಬೋರು. ಏಳುನೂರಡಿ ಹೋದರೂ ಬರೀ ದೂಳು.
ಕೊರೆದ ಪಳನಿಸ್ವಾಮಿ ಲೆಕ್ಕದ ಪುಸ್ತಕದಲ್ಲಿ
ಅಡ್ಡಗೆರೆ ಎಳೆದಿದ್ದಾರೆ.
ಮಕ್ಕಳಿಗೆ ಗೊಂದಲ ಬೇಡವೆಂದು ನಾನೂ ಬಿಟ್ಟೆ.'

ಆ ಹಾಳೆಯ ಫೋಟೋ ತರಿಸಿದೆ.
ಗ್ರೀಸಿನ ಹೆಬ್ಬೆಟ್ಟು, ಅಡ್ಡಗೆರೆ,
ಗೆರೆಯಡಿ ಪೆನ್ಸಿಲ್ಲಿನ ತಮಿಳು.
ಕ್ಯಾಂಟೀನಿನ ಸೆಲ್ವಿ ಕೈಯೊರೆಸಿಕೊಂಡು ಓದಿದಳು:
'ಇನ್ನೂರ ಹತ್ತರಿಂದ ಕರೀ ಕಲ್ಲು ಅಂತವ್ರೆ.
ಎರಡು ಬಿಟ್ಟು ಹೋಯ್ತಂತೆ. ಪಾಪ.'

ಕರಿಕಲ್ಲು!
ನೈಸಿನ ನಡುವೆ ನಿಟ್ಟಗೆ ನಿಂತ ಡೈಕಿನ ಗೋಡೆ.
ಅದರ ಆಚೆಗೆ ನೀರು ತಂಗಿದೆ, ಈಚೆಗೆ ಒಣಗಲು.
ನೀರು ಕೊಟ್ಟ ಏಳೂ ಬೋರು ಈ ಸುದ್ದಿ ಎತ್ತಿರಲಿಲ್ಲ.

ಕಡತ ಸೇರಿಸಿ ಮತ್ತೆ ಓಡಿಸಿದೆವು.
ಚೆಲುವು ಕೆಟ್ಟಿತು. ಹಸಿರು ಹರಿಯಿತು,
ಕೇಸರಿ ಒಂದು ಕಡೆ ಕುಸಿಯಿತು.
ಕಮರುನ್ನಿಸಾ ಅಂದಳು, 'ಈಗ ನಮ್ಮೂರ್ ಥರ ಐತೆ.'

ವರದಿ ಒಂದೂವರೆ ಪುಟ.
'ನಾಲ್ಕನೆಯದನ್ನು ಸೇರಿಸಿ. ಫೇಲು ಎಂಬ ಮಾತು ತೆಗೆಯಿರಿ,
ಬೋರು ತನ್ನ ಕೆಲಸ ಸರಿಯಾಗಿಯೇ ಮಾಡಿದೆ.
ಬೋರಿಲ್ಲದ ಕಡೆ ಬಣ್ಣ ತುಂಬಬೇಡಿ, ಬಿಳಿ ಬಿಡಿ,
ಮಕ್ಕಳು ಅದನ್ನೂ ಓದಲು ಕಲಿಯಲಿ.
ಕೃತಜ್ಞತೆಯಲ್ಲಿ ಪಳನಿಸ್ವಾಮಿ, ಸೆಲ್ವಿ.
ಒಬ್ಬಟ್ಟಿನ ಮಾತಿಗೆ ಕ್ಷಮೆಯಿರಲಿ;
ನಾನೂ ನಿಮ್ಮ ಅಟ್ಟಿಯನ್ನೇ ಮೆಚ್ಚಿ ಕೂತಿದ್ದೆ.'

ಪರಾಮರ್ಶಕರು ಎಂಬಲ್ಲಿ ಅವಳ ಹೆಸರು ಮೇಲೆ,
ನನ್ನದು ಕೆಳಗೆ.
ಕಳಿಸುವ ಮುನ್ನ ತೋರಿಸಿದೆ.
ಬಗ್ಗಿ ನೋಡಿದಳು, ಮೂಗಿನವರೆಗೆ ಪರದೆ:
'ಮೇಡಂ, ನಂದು ಕ.
ನೀವು ಖ ಹಾಕಿದ್ದೀರಿ.'

ತಿದ್ದಿದೆ.