ಎಡಗಡೆ ಸ್ಪೀಕರ್

ದಿನಾ ಎಷ್ಟು ತಾಸು ಟಿ.ವಿ. ನೋಡತಾನ ನಿಮ್ಮ ಹುಡುಗ,
ಅಂತ ಕೇಳಿದ್ರು ಬಾಲನ್ಯಾಯ ಮಂಡಳಿ ಮೇಡಮ್ಮಾರು,
ಫಾರ್ಮಿನ ಖಾಲಿ ಚೌಕದ ಮ್ಯಾಲ ಪೆನ್ನು ಹಿಡದು.
ಏನಂತ ಹೇಳಲಿ.
ಮುಳಗುಂದ ನಾಕಾದಾಗ ನಂದು ರಿಪೇರಿ ಅಂಗಡಿ.
ಹನ್ನೊಂದು ಟಿ.ವಿ., ಒಂದಕ್ಕೂ ಬೆನ್ನಿಲ್ಲ.
ಒಂದರಾಗ ಚಿತ್ರ ಐತಿ, ದನಿ ಇಲ್ಲ.
ಇನ್ನೊಂದರಾಗ ಬರೇ ದನಿ, ಕರೇ ಗಾಜು.
ಸಾಲಿ ಬಿಟ್ಟ ಮ್ಯಾಲ ಕಾಳೇಶ ಅಲ್ಲೇ, ಬೆಂಚಿನ ತುದಿಗೆ,
ಇದರ ಹೊಡೆದಾಟಕ್ಕ ಅದರ ಅಡಗಿ ಮಾತು ಹಚಿಗೊಂಡು ನಗತಿದ್ದ:
ಚಾಕು ಹಿಡದಾಂವ ಬಾಯಿ ತೆರೆದ್ರ
ಎಣ್ಣಿ ಕಾದ ಮ್ಯಾಲ ಸಾಸಿವಿ ಹಾಕ್ರಿ, ಅಂತಿತ್ತು ಹೆಣ್ಣ ದನಿ.
ನಾನೂ ನಕ್ಕೇನಿ.

ರಾತ್ರಿ ಮನ್ಯಾಗ ಒಂಬತ್ತೂವರಿಗೆ ಖೂನಿ ಕಾರ್ಯಕ್ರಮ,
ಹೆಂಗ ಕೊಂದ್ರು ಅನ್ನೂದನ್ನ ಮತ್ತ ಮಾಡಿ ತೋರಸವ್ರು.
ಇಂದ್ರವ್ವ ರೊಟ್ಟಿ ಮುರಿಯೂದು ಬಿಟ್ಟು ನೋಡಾಕಿ.
ಸೌಂಡ್ ಏರಸಲೇ, ಅಂತಿದ್ದೆ ನಾನು. ಅವನ ಏರಸಾಂವ.

ಮೇಡಮ್ಮಾರಿಗೆ ಇಷ್ಟು ಹೇಳಿದೆ. ಬರಕೊಂಡ್ರು.
ಹೇಳದ ಉಳದಿದ್ದು:

ಹಳೇ ಪೆಟಿಗಿ ಟಿ.ವಿ. ಚಿತ್ರ ಕುಣದ್ರ
ಎಡಗಡೆ ಒಂದು ಕೊಡಬೇಕು, ಅಂಗೈಲೆ.
ಭಾಳ ಜೋರಲ್ಲ, ಮೆತ್ತಗೂ ಅಲ್ಲ.
ಒಳಗ ಎಲ್ಲೋ ಬಿಟ್ಟ ಬೆಸಿಗಿ ಕೂಡಿ
ಒಂದು ವಾರ, ಹದಿನೈದು ದಿನ ಸುಮ್ಮನಿರತೈತಿ.
ಮೌನೇಶಪ್ಪನ ಕೈಗುಣ ಅಂತಿದ್ರು ಮಂದಿ, ರೊಕ್ಕಾ ಕೊಡದ.
ಅದ ಕೈ ಮನಿಗೆ ಒಯ್ದೆ. ಬ್ಯಾರೆ ಕೈ ಎಲ್ಲಿಂದ ತರಲಿ.
ಲೆಕ್ಕ ತಪ್ಪಿದ್ರ ಎಡಕ್ಕೊಂದು. ಹಾಲು ಚೆಲ್ಲಿದ್ರ ಎಡಕ್ಕೊಂದು.
ಎದುರ ಮಾತಾಡಿದಾಗ,
ಮಾತಾಡಲಾರದ ನಿಂತಾಗೂ.
ಸುಮ್ಮನಾಗತಿದ್ದ. ಸರಿ ಹೋತು ಅಂತಿದ್ದೆ.

ಇನ್ನೊಂದೂ ನಾನ ಕಲಿಸಿದ್ದು:
ಪ್ಲಗ್ಗು ಕಿತ್ತಿದ್ರೂ ನಂಬಬ್ಯಾಡ,
ಪಿಕ್ಚರ್ ಟ್ಯೂಬಿನ್ಯಾಗ ಕರೆಂಟು ಕುಂತಿರತೈತಿ
ದಿನಗಟ್ಟಲೆ, ಯಾರಿಗೂ ಕಾಣದಂಗ.
ಮೊದಲ ಅದನ್ನ ನೆಲಕ್ಕ ಇಳಸು, ಆಮ್ಯಾಲ ಕೈ ಹಾಕು.
ವೈರ್ ಹಿಡದು ತೋರಿಸಿದ್ದೆ.
ಚಟ್ ಅಂತ ನೀಲಿ ಕಿಡಿ. ಅವನ ಕಣ್ಣು ಇಷ್ಟಗಲ.

ತೋಂಟೇಶ ನಕ್ಕಿದ್ನಂತ. ಅಷ್ಟ.
ಬೆಟಗೇರಿ ನೇಕಾರ ಓಣಿ ಹುಡುಗ, ಇವನ ಕ್ಲಾಸಿನಾಂವನ,
ನೀರಿನ ಟಾಕಿ ಹಿಂದ, ಎಂಟು ಮಂದಿ ನೋಡಕೋಂತ ನಿಂತಾಗ.
ಹೀರೋನ ಹಂಗ ಕಾಲೆತ್ತಿ ಒದೀಲಿಲ್ಲ ನಮ್ಮಾಂವ,
ಡೈಲಾಗ್ ಹೊಡೀಲಿಲ್ಲ. ಅಂಗೈಲೆ ಹೊಡದ.
ಮತ್ತ ಹೊಡದ. ಬಿದ್ದ ಮ್ಯಾಲೂ ಹೊಡದ,
ಚಿತ್ರ ನಿಲ್ಲೂತನಕ.
ಎಡಗಿವಿ ಪರದೆ ಹರದೈತಿ, ಒಳಗಿನ ಎಲುಬೂ, ಅಂದ್ರು ಡಾಕ್ಟರು.

ಫಾರ್ಮಿನ್ಯಾಗ ಟಿ.ವಿ. ಪ್ರಭಾವ ಅಂತ ಬಂತು.
ಸಹಿ ಮಾಡ್ರಿ ಅಂದ್ರು. ಮಾಡಿದೆ.
ಸುಳ್ಳೇನಲ್ಲ ಅದು.
ಹನ್ನೊಂದೂ ಪೆಟಿಗಿ ನನ್ನ ಬದಲಿ ಕಟಕಟಿ ಏರಿದ್ವು;
ದನಿ ಇದ್ದದ್ದೂ ಒಂದು ಮಾತು ಆಡಲಿಲ್ಲ.

ಮೂರು ತಿಂಗಳಾದ ಮ್ಯಾಲ ತೋಂಟೇಶನ ಮನಿಗೆ ಹೋದೆ,
ಒಂದು ಡಜನ್ ಬಾಳಿಹಣ್ಣು ಹಿಡಕೊಂಡು.
ಬೈತಾರ ಅಂತ ತಯಾರಾಗಿ ಹೋಗಿದ್ದೆ. ಅವರವ್ವ ಚಾ ಕೊಟ್ಟಳು.
ಮಗ್ಗ ನಿಂತಿತ್ತು. ಟಿ.ವಿ. ಓಣಿಗೆಲ್ಲಾ ಕೇಳೂ ಹಂಗ ಒದರತಿತ್ತು.
ಹುಡುಗ ಅದರ ಮುಂದ ಬಲಗಿವಿ ಮಾಡಿ ಅಡ್ಡ ಕುಂತಿದ್ದ,
ನನ್ನ ಕಡೆ ಹೊಳ್ಳಲಿಲ್ಲ.
ಆಕಿ ಅಂದಳು, ಚುಚ್ಚು ಇರಲಿಲ್ಲ ದನ್ಯಾಗ:
ಯಣ್ಣಾ, ನೀವು ಟಿ.ವಿ. ಕೆಲಸದವರಂತಲ್ಲ,
ಎಡಗಡೆ ಸ್ಪೀಕರ್ ಬಂದ್ ಮಾಡಿ
ಎಲ್ಲಾ ಸೌಂಡ್ ಬಲಕ್ಕ ಬರೂ ಹಂಗ ಮಾಡಿಕೊಡ್ರಿ,
ಆಕೈತೇನ್ರಿ?

ಬೆನ್ನು ಬಿಚ್ಚಿದೆ. ಮೊದಲ ಕರೆಂಟು ನೆಲಕ್ಕ ಇಳಿಸಿದೆ.
ಅರ್ಧಾ ತಾಸಿನ ಕೆಲಸ, ಎರಡು ತಾಸು ಹಿಡೀತು.
ಬ್ಯಾಡಂದ್ರೂ ಇಪ್ಪತ್ತು ರೂಪಾಯಿ ಕಿಸೇಕ್ಕ ತುರುಕಿದಳು.
ಮನಿಗೆ ಬಂದು ಅಂಗಿ ಬಿಚ್ಚಿದ್ರ
ನೋಟಿನ ಕೂಡ ಒಂದು ಸ್ಕ್ರೂ.
ಅವರ ಟಿ.ವಿ.ದ. ಎಲ್ಲಿ ಕೂಡಸಬೇಕಿತ್ತೋ,
ನೆನಪಾಗವಲ್ದು.